ಮೋಯಾರು ಕಣಿವೆಯ ರಣಹದ್ದುಗಳು

ಆಕಾಶದಲ್ಲಿ ರೆಕ್ಕೆ ಬಿಚ್ಚಿ ಸುತ್ತುವ ದೊಡ್ಡ ಹಕ್ಕಿ ಕಂಡರೆ ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ ಮಾತು: ಹದ್ದು. ಕೋಳಿಮರಿ ಎತ್ತಿಕೊಂಡು ಹೋಗುವುದೂ ಹದ್ದು, ಸತ್ತ ದನದ ಮೇಲೆ ಇಳಿಯುವುದೂ ಹದ್ದು, ಕೆರೆಯ ಮೀನು ಹಾರಿಸುವುದೂ ಹದ್ದು. ಕೆಂಚು ಮೈ, ಬಿಳಿ ತಲೆಯ ಒಂದಕ್ಕೆ ಮಾತ್ರ ಸ್ವಲ್ಪ ಮರ್ಯಾದೆ ಕೊಟ್ಟು ಗರುಡ ಎನ್ನುತ್ತೇವೆ. ಹೀಗೆ ಒಂದೇ ಹೆಸರಿನಡಿ ನಾವು ಕೂಡಿಹಾಕಿರುವ ಹಕ್ಕಿಗಳು ಒಂದೆರಡಲ್ಲ, ತಾಳವಾಡಿಯಿಂದ ನೀಲಗಿರಿಯವರೆಗಿನ ನಮ್ಮ ಗಡಿನಾಡಿನಲ್ಲೇ ಇಪ್ಪತ್ತಕ್ಕೂ ಮಿಕ್ಕು ಜಾತಿಗಳಿವೆ. ಅವುಗಳಲ್ಲಿ ನಾಲ್ಕು ಜಾತಿಯ ರಣಹದ್ದುಗಳು ದಕ್ಷಿಣ ಭಾರತದ ಉಳಿದ ಕಡೆಗಳಲ್ಲಿ ಹೆಚ್ಚುಕಡಿಮೆ ಮಾಯವಾಗಿ, ನಮ್ಮ ಮನೆಯಂಗಳಕ್ಕೆ ಸಮೀಪವಾದ ಮೋಯಾರು ಕಣಿವೆಯಲ್ಲಿ ಇನ್ನೂ ಜೀವ ಹಿಡಿದುಕೊಂಡಿವೆ. ಅವುಗಳನ್ನು ಕಣ್ಣಾರೆ ನೋಡಬೇಕೆಂದು ಜನವರಿ ತಿಂಗಳ ಒಂದು ಶನಿವಾರ ನಮ್ಮ ಧರ್ಮಕೇಂದ್ರದ ನಾಲ್ಕು ಕುಟುಂಬಗಳವರು, ಮಕ್ಕಳೂ ಸೇರಿ ಹದಿನಾಲ್ಕು ಮಂದಿ, ಒಂದು ವ್ಯಾನು ಮಾಡಿಕೊಂಡು ಹೊರಟೆವು.

ಜನವರಿಯನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಮಳೆ ನಿಂತು ಆಕಾಶ ತಿಳಿಯಾಗಿರುತ್ತದೆ, ಉತ್ತರದ ದೇಶಗಳಿಂದ ಬರುವ ಚಳಿಗಾಲದ ಅತಿಥಿ ಹಕ್ಕಿಗಳು ಇನ್ನೂ ಇಲ್ಲೇ ಇರುತ್ತವೆ, ರಣಹದ್ದುಗಳು ಗೂಡು ಕಟ್ಟಿ ಮರಿ ಮಾಡುವ ಕಾಲವೂ ಅದೇ. ತಾಳವಾಡಿಯಿಂದ ಚಾಮರಾಜನಗರ, ಗುಂಡ್ಲುಪೇಟೆ, ಬಂಡೀಪುರ, ತೆಪ್ಪಕಾಡು, ಮಸಿನಗುಡಿ. ಇದು ನಮ್ಮ ದಾರಿ. ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರವಿಲ್ಲ; 2009ರಿಂದ ಈ ನಿಯಮವಿದೆ. ಆದ್ದರಿಂದ ಕತ್ತಲಿರುವಾಗಲೇ ಹೊರಟರೂ ಗೇಟು ತೆರೆಯುವ ಹೊತ್ತಿಗೆ ಸರಿಯಾಗಿ ಅಲ್ಲಿಗೆ ಸೇರುವಂತೆ ಲೆಕ್ಕ ಹಾಕಿಕೊಳ್ಳಬೇಕು.

ದಾರಿಯಲ್ಲಿ ಮಕ್ಕಳಿಗೆ ಒಂದು ಕೆಲಸ ಕೊಟ್ಟಿದ್ದೆವು. ಹಕ್ಕಿ ಕಂಡ ಕೂಡಲೇ ಅದರ ಬಣ್ಣ ಹೇಳಬಾರದು, ಆಕಾರ ಹೇಳಬೇಕು. ಬೇಟೆ ಹಕ್ಕಿಗಳನ್ನು ಗುರುತಿಸುವುದರಲ್ಲಿ ಹೊಸಬರು ಎಡವುವುದು ಇಲ್ಲೇ. ಬಿಸಿಲಿಗೆ ಎದುರಾಗಿ ಹಾರುವ ಹಕ್ಕಿಯ ಬಣ್ಣ ಕಪ್ಪಾಗಿಯೇ ಕಾಣುತ್ತದೆ. ಜೊತೆಗೆ ಮರಿ ಹಕ್ಕಿಯ ಬಣ್ಣ ಒಂದು, ಬೆಳೆದದ್ದರ ಬಣ್ಣ ಇನ್ನೊಂದು. ಆಕಾರ ಹಾಗೆ ಮೋಸ ಮಾಡುವುದಿಲ್ಲ. ರೆಕ್ಕೆಯ ತುದಿ ಕುಡುಗೋಲಿನಂತೆ ಚೂಪಾಗಿದ್ದರೆ ಅದು ಚಾಣದ ಬಳಗ. ರೆಕ್ಕೆ ಗಿಡ್ಡ, ತುದಿ ದುಂಡಗೆ, ಬಾಲ ಉದ್ದವಾಗಿದ್ದು ನಾಲ್ಕಾರು ಸಲ ಪಟಪಟನೆ ಬಡಿದು ಸ್ವಲ್ಪ ದೂರ ತೇಲಿದರೆ ಅದು ಬಿಜ್ಜು, ಅಂದರೆ ಶಿಕ್ರಾ. ತೋಟದಲ್ಲಿ ಓತಿಕ್ಯಾತ, ಗುಬ್ಬಿಗಳನ್ನು ಹಿಡಿಯುವುದು ಅದೇ. ರೆಕ್ಕೆ ಅಗಲವಾಗಿ, ತುದಿಯ ಗರಿಗಳು ಬೆರಳು ಬಿಡಿಸಿದಂತೆ ಕಂಡರೆ ದೊಡ್ಡ ಗಿಡುಗ ಅಥವಾ ರಣಹದ್ದು. ಬಾಲ ಕವಲೊಡೆದಿದ್ದರೆ ನಮ್ಮ ಸಂತೆ ಬೀದಿಯ ಮಾಮೂಲು ಕರಿ ಹದ್ದು.

ಚಾಮರಾಜನಗರ ದಾಟಿ ಬೆಳಕು ಹರಿಯುತ್ತಿದ್ದಂತೆ ವಿದ್ಯುತ್ ತಂತಿಯ ಮೇಲೆ ಪಾರಿವಾಳಕ್ಕಿಂತ ಸ್ವಲ್ಪ ದೊಡ್ಡದಾದ, ಬೂದು ಬಿಳುಪು ಮೈಯ, ಭುಜ ಮಾತ್ರ ಕಪ್ಪಾದ ಹಕ್ಕಿಯೊಂದು ಕೂತಿತ್ತು. ನಾವು ನೋಡುತ್ತಿದ್ದಂತೆಯೇ ಅದು ಎದ್ದು ಹುರುಳಿ ಹೊಲದ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತುಬಿಟ್ಟಿತು, ನೂಲು ಕಟ್ಟಿ ತೂಗುಬಿಟ್ಟಂತೆ. ಇದು ಕಪ್ಪು ರೆಕ್ಕೆಯ ಹದ್ದು. ಕಣ್ಣು ಕೆಂಪು, ಆಹಾರ ಹೆಚ್ಚಾಗಿ ಇಲಿ. ಚಾಣವೂ ಹೀಗೆಯೇ ಗಾಳಿಯಲ್ಲಿ ನಿಲ್ಲುತ್ತದೆ, ಆದರೆ ಅದರ ಬೆನ್ನು ಇಟ್ಟಿಗೆಯ ಬಣ್ಣ. ರೈತನ ಹೊಲದಲ್ಲಿ ಸಂಬಳವಿಲ್ಲದೆ ಇಲಿ ಹಿಡಿಯುವ ಇಂಥ ಹಕ್ಕಿಗೆ ಕವಣೆ ಬೀಸುವ ಹುಡುಗರನ್ನು ತಂದೆತಾಯಿಗಳು ಸುಮ್ಮನೆ ಬಿಡುವುದು ಸರಿಯಲ್ಲ ಎಂದು ನಮಗೆ ಯಾವಾಗಲೂ ಅನ್ನಿಸುತ್ತದೆ.

ಕಾಡು ಶುರುವಾದ ಮೇಲೆ ವ್ಯಾನು ನಿಲ್ಲಿಸುವಂತಿಲ್ಲ, ಇಳಿಯುವಂತೆ ಮೊದಲೇ ಇಲ್ಲ. ಕಿಟಕಿಯಿಂದ ಕಂಡಷ್ಟೇ ಭಾಗ್ಯ. ಒಣಮರದ ಕೊಂಬೆಯ ಮೇಲೆ ಕೂತಿದ್ದ ಸರ್ಪ ಹದ್ದನ್ನು ಎಲ್ಲರೂ ಚೆನ್ನಾಗಿ ನೋಡಿದೆವು. ತಲೆಯ ಹಿಂದೆ ಕಪ್ಪು ಬಿಳುಪಿನ ಜುಟ್ಟು, ಹಳದಿ ಕಣ್ಣು, ಹೊಟ್ಟೆಯ ಮೇಲೆ ಬಿಳಿ ಚುಕ್ಕೆ. ಹಾರುವಾಗ ರೆಕ್ಕೆಯ ಅಡಿಯಲ್ಲಿ ಅಂಚಿನುದ್ದಕ್ಕೂ ಅಗಲವಾದ ಬಿಳಿ ಪಟ್ಟಿ ಕಾಣುತ್ತದೆ. ಅದರ ಕೂಗು ಕೇಳಿದರಂತೂ ಮರೆಯುವ ಹಾಗಿಲ್ಲ, ಮಧ್ಯಾಹ್ನದ ಆಕಾಶದಿಂದ ಯಾರೋ ಸಿಳ್ಳೆ ಹಾಕಿ ಕರೆದಂತೆ ಇರುತ್ತದೆ.

ತೆಪ್ಪಕಾಡಿನಲ್ಲಿ ಆನೆ ಶಿಬಿರ ನೋಡಲು ಮಕ್ಕಳು ಹಟ ಹಿಡಿದರು. ಆನೆಗೆ ರಾಗಿ ಮುದ್ದೆ ತಿನ್ನಿಸುವುದನ್ನು ನೋಡಿದ್ದಾಯಿತು. ಅದನ್ನು ಬರೆಯಹೊರಟರೆ ಬೇರೆ ಲೇಖನವಾಗುತ್ತದೆ.

ಮೋಯಾರು ಹೊಳೆಯ ವಿಚಾರ ಎರಡು ಮಾತು ಹೇಳಲೇಬೇಕು. ನೀಲಗಿರಿಯ ಮೇಲೆ ಪೈಕಾರ ಎಂಬ ಹೆಸರಿನಲ್ಲಿ ಹುಟ್ಟುವ ಈ ಹೊಳೆ ಕೆಳಗಿಳಿದು ಮುದುಮಲೆ, ಬಂಡೀಪುರಗಳ ನಡುವೆ ಗಡಿಗೆರೆಯಾಗಿ ಹರಿದು, ಅಲ್ಲಿಂದ ಮುಂದೆ ನೆಲವನ್ನು ಸೀಳಿದಂಥ ಆಳವಾದ ಕಮರಿಯೊಳಗೆ ನುಗ್ಗುತ್ತದೆ. ಒಂದು ಕಡೆ ನೀಲಗಿರಿಯ ಗೋಡೆ, ಇನ್ನೊಂದು ಕಡೆ ನಮ್ಮ ತಲಮಲೆ, ದಿಂಬಂ ಬೆಟ್ಟಗಳು. ಕೊನೆಗೆ ಭವಾನಿಸಾಗರದ ಜಲಾಶಯ ಸೇರುತ್ತದೆ. ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲಕ್ಕೆ ಹೋಗುವಾಗ ನಾವೆಲ್ಲ ಬಲಗಡೆಯ ಕಿಟಕಿಯಿಂದ ಎಷ್ಟೋ ಸಲ ನೋಡಿರುವ ನೀಲಿ ಬಯಲು ಇದೇ ಕಣಿವೆ.

ರಣಹದ್ದಿಗೆ ಬೇಕಾದದ್ದೆಲ್ಲ ಇಲ್ಲಿದೆ. ಹೊಳೆಯಂಚಿನಲ್ಲಿ ಆಕಾಶಕ್ಕೆ ಬೆಳೆದ ಹೊಳೆಮತ್ತಿ ಮರಗಳಿವೆ, ಗೂಡಿಗೆ. ಕಡಿದಾದ ಬಂಡೆಗೋಡೆಗಳಿವೆ. ಹುಲಿ, ಚಿರತೆ, ಸೀಳುನಾಯಿ ತಿಂದು ಬಿಟ್ಟ ಜಿಂಕೆ ಕಡವೆಗಳ ಮಾಂಸವಿದೆ. ಎಲ್ಲಕ್ಕಿಂತ ಮುಖ್ಯವಾಗಿ ಆ ಮಾಂಸದಲ್ಲಿ ಔಷಧಿ ಇಲ್ಲ. ಏಕೆ ಹೀಗೆ ಹೇಳುತ್ತೇವೆ ಎಂಬುದು ಮುಂದೆ ತಿಳಿಯುತ್ತದೆ.

ಮಸಿನಗುಡಿಯಿಂದ ಮೋಯಾರು ಊರಿಗೆ ಹೋಗಿ, ಊರೊಳಗಿನ ಬಯಲಿನಲ್ಲಿ ಇಳಿದಾಗ ಗಂಟೆ ಒಂಬತ್ತೂವರೆ. ರಣಹದ್ದು ನೋಡಬೇಕಾದವರು ಸೂರ್ಯೋದಯಕ್ಕೇ ಓಡಿಹೋಗಬೇಕಾಗಿಲ್ಲ. ಅದು ಮೈಭಾರದ ಹಕ್ಕಿ, ರೆಕ್ಕೆ ಬಡಿದು ಹಾರುವುದೆಂದರೆ ಅದಕ್ಕೆ ಬಲು ಪ್ರಯಾಸ. ನೆಲ ಕಾದು ಬಿಸಿಗಾಳಿ ಮೇಲೇಳುವವರೆಗೆ ಕಾಯುತ್ತದೆ. ಎದ್ದ ಮೇಲೆ ಆ ಗಾಳಿಯ ಕಂಬವನ್ನೇ ಮೆಟ್ಟಿಲು ಮಾಡಿಕೊಂಡು ಸುತ್ತುತ್ತಾ ಸುತ್ತುತ್ತಾ ಚುಕ್ಕೆಯಾಗುವಷ್ಟು ಮೇಲೇರಿಬಿಡುತ್ತದೆ. ಒಂಬತ್ತರಿಂದ ಹನ್ನೊಂದರ ಹೊತ್ತು ಪ್ರಶಸ್ತ.

ಮುಕ್ಕಾಲು ಗಂಟೆ ಏನೂ ಕಾಣಲಿಲ್ಲ. ಮಕ್ಕಳು ಬೇಸತ್ತು ಬುತ್ತಿ ಬಿಚ್ಚಿದರು. ಆಮೇಲೆ ಕಮರಿಯ ಕಡೆಯಿಂದ ಒಂದು, ಅದರ ಹಿಂದೆ ಎರಡು, ಮತ್ತೆ ನಾಲ್ಕು. ಒಟ್ಟು ಹನ್ನೊಂದು ಎಣಿಸಿದೆವು. ಆರು ಅಡಿಗೂ ಮೀರಿದ ರೆಕ್ಕೆ ಹರಡಿ, ಒಮ್ಮೆಯೂ ಬಡಿಯದೆ, ನಮ್ಮ ನೆತ್ತಿಯ ಮೇಲೆಯೇ ಸುತ್ತಿದವು. ತಲೆ ಚಿಕ್ಕದು, ಬಾಲ ಮೋಟು, ರೆಕ್ಕೆ ಹಲಗೆಯ ಹಾಗೆ ನೇರ. ಮೈ ಕಪ್ಪು, ಆದರೆ ರೆಕ್ಕೆಯಡಿಯ ಮುಂಭಾಗ ಬೆಳ್ಳಗೆ ಹೊಳೆಯುತ್ತಿತ್ತು. ಒಂದು ಹಕ್ಕಿ ವಾಲಿ ತಿರುಗಿದಾಗ ಬೆನ್ನಿನ ಕೆಳಗಿನ ಬಿಳಿ ಮಚ್ಚೆಯೂ ಕಂಡಿತು. ಇದೇ ಬಿಳಿ ಬೆನ್ನಿನ ರಣಹದ್ದು. ಕಣಿವೆಯಲ್ಲಿ ಹೆಚ್ಚಾಗಿರುವುದು ಇವೇ. ಹೊಳೆಮತ್ತಿ ಮರಗಳ ಮೇಲೆ ಗೂಡು ಕಟ್ಟುವುದೂ ಇವೇ. ವರ್ಷಕ್ಕೆ ಒಂದೇ ಮೊಟ್ಟೆ.

ಇನ್ನು ಮೂರನ್ನು ಗುರುತಿಸುವುದು ಹೇಗೆಂದು ಹೇಳಿಬಿಡುತ್ತೇವೆ. ಉದ್ದ ಕೊಕ್ಕಿನ ರಣಹದ್ದು ಮರಳಿನಂತೆ ಮಾಸಲು ಕಂದು. ರೆಕ್ಕೆಯ ಅಂಚು ಮಾತ್ರ ಗಾಢ. ಮರದ ಗೊಡವೆಗೆ ಹೋಗದೆ ಬಂಡೆಗೋಡೆಯ ಚಾಚುಗಳಲ್ಲಿ ಗೂಡು ಮಾಡುತ್ತದೆ. ಬಂಡೆಯ ಮೇಲೆ ಸುಣ್ಣ ಸುರಿದಂತೆ ಹಿಕ್ಕೆಯ ಗುರುತು ಕಂಡರೆ ಅಲ್ಲಿ ಹುಡುಕಬೇಕು. ಕೆಂಪು ತಲೆಯ ರಣಹದ್ದನ್ನು ರಾಜ ರಣಹದ್ದು ಎನ್ನುವುದುಂಟು. ಅದು ಗುಂಪಿನಲ್ಲಿ ಇರುವುದಿಲ್ಲ, ಒಂಟಿ ಇಲ್ಲವೇ ಜೋಡಿ. ಮೈ ಕಪ್ಪು, ತಲೆ ಕತ್ತು ಕಾಲು ಕೆಂಪು, ತೊಡೆಯ ಬಳಿ ಎರಡು ಬಿಳಿ ಮಚ್ಚೆ. ಹಾರುವಾಗ ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿಯುತ್ತದೆ. ಮಧ್ಯಾಹ್ನ ಸಿಂಗಾರದ ದಾರಿಯಲ್ಲಿ ಅಂಥ ಒಂದು ಜೋಡಿ ಸಿಕ್ಕಿತು, ಬಿಸಿಲಿನಲ್ಲಿ ಆ ತಲೆ ಹಣ್ಣುಮೆಣಸಿನಕಾಯಿಯ ಬಣ್ಣಕ್ಕೆ ಕಂಡಿತು. ನಾಲ್ಕನೆಯದು ಬಿಳಿ ರಣಹದ್ದು. ಗಾತ್ರದಲ್ಲಿ ಚಿಕ್ಕದು, ಬಿಳಿ ಮೈ, ಕಪ್ಪು ರೆಕ್ಕೆಯಂಚು, ಹಳದಿ ಮೋರೆ, ಬೆಣೆಯಾಕಾರದ ಬಾಲ. ಚೆಂಗಲ್ಪಟ್ಟು ಬಳಿಯ ತಿರುಕಳುಕುಂಡ್ರಂ ಬೆಟ್ಟದ ದೇವಸ್ಥಾನಕ್ಕೆ ದಿನವೂ ಮಧ್ಯಾಹ್ನ ಬಂದು ಅರ್ಚಕರ ಕೈಯಿಂದ ಪ್ರಸಾದ ತಿನ್ನುತ್ತಿದ್ದ ಜೋಡಿ ಹಕ್ಕಿಗಳೆಂದು ಹಿರಿಯರು ಹೇಳುವುದು ಇದನ್ನೇ. 1990ರ ದಶಕದಲ್ಲಿ ಅವು ಬರುವುದು ನಿಂತುಹೋಯಿತು. ನಮಗೂ ಈ ಸಲ ಬಿಳಿ ರಣಹದ್ದು ಕಾಣಸಿಗಲಿಲ್ಲ.

ರಣಹದ್ದು ಎಂದರೆ ಮೂಗು ಮುರಿಯುವವರಿಗೆ ಒಂದು ಮಾತು. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಹದ್ದು ಎಂದು ನಾವು ಓದುವ ಕಡೆಗಳಲ್ಲಿ ಹೀಬ್ರೂ ಮೂಲದಲ್ಲಿರುವ ಪದ ‘ನೆಷೆರ್’. ಪ್ರವಾದಿ ಮೀಕ ಅದರ ಬೋಳು ತಲೆಯನ್ನು ಹೇಳುತ್ತಾನಾದ್ದರಿಂದ ಅದು ರಣಹದ್ದೇ ಇರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಆ ಬೋಳುತನವೂ ಅಸಹ್ಯದ ಗುರುತಲ್ಲ. ಹೆಣದೊಳಕ್ಕೆ ತಲೆ ಹಾಕಿ ತಿನ್ನುವ ಹಕ್ಕಿಗೆ ಕತ್ತಿನ ತುಂಬ ಗರಿಯಿದ್ದರೆ ರಕ್ತ ಮೆತ್ತಿಕೊಂಡು ಕೊಳೆಯುತ್ತಿತ್ತು.

ಮೋಯಾರಿನಿಂದ ಹಿಂದಿರುಗುವಾಗ ಮಸಿನಗುಡಿಯ ಹೊರವಲಯದ ಒಂದು ಚಹಾ ಅಂಗಡಿಯಲ್ಲಿ ಕುಳಿತೆವು. ಅಂಗಡಿಯ ಅಮ್ಮ ನಮ್ಮ ಮಾತು ಕೇಳಿ, “ನೀವು ತಾಳವಾಡಿ ಕಡೇರಾ? ನಮ್ಮವ್ವನ ತೌರೂ ಆ ಕಡೇನೆಯ” ಎಂದು ಸಂತೋಷಪಟ್ಟು ಇನ್ನೊಂದು ಸುತ್ತು ಚಹಾ ಕೊಟ್ಟರು. ಎಮ್ಮೆ, ದನ ಸೇರಿ ಏಳೆಂಟು ಸಾಕಿದ್ದಾರೆ. ನಾವು ಬಂದ ಕಾರಣ ತಿಳಿದು, ಬಾಗಿಲ ಬಳಿ ಕೂತಿದ್ದ ಅವರ ಮಾವನವರೇ ಮಾತು ತೆಗೆದರು.

“ನಾ ಹುಡ್ಗ ಆಗಿದ್ದಾಗ ಒಂದೆತ್ತು ಸತ್ರೆ ಊರಾಚೆ ಎಳ್ದು ಹಾಕ್ಬುಡ್ತಿದ್ದೊ ಕನಪ್ಪ. ಹೊತ್ತು ನೆತ್ತಿಗ್ ಬರಗಂಟ ಆಕಾಸ ಎಲ್ಲಾ ಹದ್ದೇಯ. ಸಂಜೆಗೆ ಬರೀ ಮೂಳೆ. ವಾಸ್ನೆ ಅಂಬೋದೇ ಇರ್ನಿಲ್ಲ. ಈಗ ಹಾಕುದ್ರೆ ನಾಯಿ, ಹಂದಿ. ಎಂಟು ದಿನ ನಾರ್ತದ.”

ಆಮೇಲೆ ಆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, ಕಳೆದ ಮಳೆಗಾಲ ತಮ್ಮ ಕರೆಯುವ ಹಸುವೊಂದು ಕೆಚ್ಚಲು ಬಾತು ಜ್ವರ ಬಂದು ಸತ್ತದ್ದನ್ನು ಹೇಳಿದರು. ಡಾಕ್ಟರು ಸಿಗಲಿಲ್ಲ. ಯಾರೋ ಬಂದು ಮೂರು ದಿನ ಸೂಜಿ ಹಾಕಿದರು. ಸತ್ತ ಹಸುವನ್ನು ಹಳ್ಳದ ಆಚೆ ಹಾಕಿಸಿದರು. “ಏನು ಔಸ್ದಿ ಅಂತ ನಮ್ಗೇನ್ ಗೊತ್ತಾಗದು? ನೋವಿಗೆ ಅಂದ್ರು. ಹದ್ದು ಇಳ್ದಿದ್ವು ಅವತ್ತು, ನಾನೇ ನೋಡ್ದೆ. ತಿಂದ್ವು.” ನಮ್ಮಲ್ಲಿ ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ಆ ಸೂಜಿಯಲ್ಲಿ ಏನಿತ್ತು ಎಂಬುದು ಆ ಅಮ್ಮನಿಗೂ ಗೊತ್ತಿಲ್ಲ, ನಮಗೂ ಗೊತ್ತಾಗುವ ದಾರಿಯಿಲ್ಲ. ಅಟ್ಟದ ಮೇಲಿನ ಡಬ್ಬಿ ತಡಕಿ ನೋಡಿದರು, ಖಾಲಿ ಶೀಶೆಯೂ ಉಳಿದಿರಲಿಲ್ಲ.

ಓದುಗ ಬಂಧುಗಳೇ, ರಣಹದ್ದುಗಳ ಕಥೆಯೆಲ್ಲ ಆ ಶೀಶೆಯಲ್ಲೇ ಇದೆ. ರಾಜಸ್ಥಾನದ ಕೇವಲಾದೇವ ಉದ್ಯಾನದಲ್ಲಿ ರಣಹದ್ದುಗಳು ಸಾಲುಸಾಲಾಗಿ ಸಾಯುವುದನ್ನು 1990ರ ದಶಕದಲ್ಲಿ ವಿಜ್ಞಾನಿ ವಿಭು ಪ್ರಕಾಶ್ ಗಮನಿಸಿದರು. ಕತ್ತು ಜೋತುಹಾಕಿ ಕೂತ ಹಕ್ಕಿ ಕೊಂಬೆಯಿಂದ ಬಿದ್ದು ಸಾಯುತ್ತಿತ್ತು. ರೋಗವಿರಬಹುದೆಂದು ವರ್ಷಗಟ್ಟಲೆ ಹುಡುಕಿದರು. ಕೊನೆಗೆ ಪಾಕಿಸ್ತಾನದಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ನಡೆಸಿದ ಸಂಶೋಧನೆ 2004ರಲ್ಲಿ ಪ್ರಕಟವಾಗಿ ಕಾರಣ ಹೊರಬಿತ್ತು. ದನಗಳಿಗೆ ನೋವು, ಬಾವು ಇಳಿಸಲು ಕೊಡುವ ಡೈಕ್ಲೋಫೆನಾಕ್! ನಮ್ಮ ಮೈಕೈ ನೋವಿಗೂ ಕೊಡುವ ಮಾಮೂಲು ಮದ್ದು. ಅದನ್ನು ಪಡೆದ ಕೆಲವೇ ದಿನಗಳಲ್ಲಿ ದನ ಸತ್ತರೆ ಮಾಂಸದಲ್ಲಿ ಅದು ಉಳಿದಿರುತ್ತದೆ. ತಿಂದ ರಣಹದ್ದಿನ ಮೂತ್ರಪಿಂಡ ಕೆಟ್ಟು, ಯೂರಿಕ್ ಆಮ್ಲ ಒಳಗಿನ ಅಂಗಾಂಗಗಳ ಮೇಲೆ ಬಿಳಿ ಪುಡಿಯಂತೆ ಕಟ್ಟಿಕೊಂಡು ಹಕ್ಕಿ ಸಾಯುತ್ತದೆ. ನೂರು ಹೆಣಗಳಲ್ಲಿ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಇಡೀ ಸಂತತಿ ಕುಸಿಯಲು ಸಾಕು, ಏಕೆಂದರೆ ಒಂದು ಹೆಣಕ್ಕೆ ಹತ್ತಾರು ಹಕ್ಕಿಗಳು ಇಳಿಯುತ್ತವೆ. 1992ರಿಂದ 2007ರೊಳಗೆ ಭಾರತದ ಬಿಳಿ ಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ 99.9ರಷ್ಟು ಹೋಗಿಬಿಟ್ಟವು. ಸಾವಿರ ಇದ್ದಲ್ಲಿ ಒಂದು.

ಅವು ಹೋದರೆ ನಮಗೇನು ಎನ್ನುವವರಿಗೆ ಎಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಲೆಕ್ಕವಿದೆ. ರಣಹದ್ದುಗಳು ಇಲ್ಲವಾದ ಜಿಲ್ಲೆಗಳಲ್ಲಿ ಕೊಳೆತ ಹೆಣ, ಕೆಟ್ಟ ನೀರು, ಹೆಚ್ಚಿದ ಬೀದಿನಾಯಿಗಳು, ಹುಚ್ಚುನಾಯಿ ಕಡಿತ ಇವೆಲ್ಲ ಸೇರಿ 2000ದಿಂದ 2005ರವರೆಗೆ ಸುಮಾರು ಐದು ಲಕ್ಷ ಮಂದಿ ಹೆಚ್ಚುವರಿಯಾಗಿ ಸತ್ತಿರಬಹುದೆಂದು ಅವರ ಅಂದಾಜು.

ಸರ್ಕಾರ 2006ರಲ್ಲಿ ದನಗಳಿಗೆ ಡೈಕ್ಲೋಫೆನಾಕ್ ನಿಷೇಧಿಸಿತು. ಆದರೆ ಮನುಷ್ಯರಿಗೆಂದು ಮಾರುತ್ತಿದ್ದ ದೊಡ್ಡ ಶೀಶೆಗಳನ್ನೇ ಕೊಟ್ಟಿಗೆಗೆ ಒಯ್ಯುವವರಿದ್ದರು. 2015ರಲ್ಲಿ ಆ ಶೀಶೆಯನ್ನು 3 ಮಿಲಿಲೀಟರಿಗೆ ಇಳಿಸಿದರು. ಹಸುವಿಗೆ ಅದು ಎಲ್ಲಿಗೂ ಸಾಲದು. 2023ರಲ್ಲಿ ಕೆಟೊಪ್ರೊಫೆನ್, ಅಸೆಕ್ಲೋಫೆನಾಕ್ ಮದ್ದುಗಳೂ, ಅನಂತರ ನಿಮೆಸುಲೈಡ್ ಕೂಡ ದನಗಳ ಮಟ್ಟಿಗೆ ನಿಷೇಧಗೊಂಡವು. ಬದಲಿಗೆ ಮೆಲಾಕ್ಸಿಕ್ಯಾಮ್ ಇದೆ, ಟಾಲ್ಫೆನಮಿಕ್ ಆಮ್ಲವಿದೆ. ಎರಡೂ ರಣಹದ್ದಿಗೆ ಅಪಾಯವಿಲ್ಲವೆಂದು ಪರೀಕ್ಷೆಯಾಗಿದೆ, ಹಸುವಿನ ನೋವೂ ಇಳಿಯುತ್ತದೆ. ಆದ್ದರಿಂದ ಸೂಜಿ ಹಾಕಲು ಯಾರು ಬಂದರೂ ಹೆಸರು ಕೇಳಿ, ಶೀಶೆಯ ಚೀಟಿ ಓದಿ ನೋಡಿ. ಕೇಳಿದರೆ ಸಿಟ್ಟಾಗುವವರ ಕೈಗೆ ಹಸುವನ್ನು ಕೊಡದಿರುವುದೇ ಮೇಲು. ಮದ್ದು ಪಡೆದು ಸತ್ತ ದನವನ್ನು ಆಳವಾಗಿ ಹೂಳಿ, ಬಯಲಿಗೆ ಹಾಕಬೇಡಿ. ಇನ್ನೊಂದು ಸಂಗತಿ ನಮ್ಮ ಕಾಡಂಚಿನ ಊರುಗಳಿಗೆ ಸೇರಿದ್ದು: ಹುಲಿ, ಚಿರತೆ ಹಸು ಹಿಡಿದಾಗ ಹೊಟ್ಟೆಯುರಿಗೆ ಹೆಣಕ್ಕೆ ವಿಷ ಹಾಕುವುದು. ಹುಲಿ ಬರುವ ಮೊದಲೇ ಅದಕ್ಕೆ ಇಳಿಯುವುದು ರಣಹದ್ದು. ಹಸು ಕಳೆದುಕೊಂಡವರ ಸಂಕಟ ನಮಗೆ ಗೊತ್ತಿಲ್ಲದ್ದಲ್ಲ. ಅರಣ್ಯ ಇಲಾಖೆಗೆ ಪರಿಹಾರಕ್ಕೆ ಅರ್ಜಿ ಹಾಕಲು ದಾರಿಯಿದೆ, ಅರ್ಜಿ ಬರೆಯಲು ಬಾರದವರಿಗೆ ನಮ್ಮ ಯುವಕರು ಕೈಜೋಡಿಸಿದರೆ ಒಳ್ಳೆಯದು.

ಆಶೆಗೂ ಕಾರಣವಿದೆ. ತಮಿಳುನಾಡು, ಕೇರಳ, ಕರ್ನಾಟಕದ ಅರಣ್ಯ ಇಲಾಖೆಗಳು ಒಟ್ಟಾಗಿ ಒಂದೇ ದಿನಗಳಲ್ಲಿ ನಡೆಸಿದ ಎಣಿಕೆಯಲ್ಲಿ 2023ರ ಫೆಬ್ರವರಿಯಲ್ಲಿ 246 ರಣಹದ್ದುಗಳೂ, ಅದೇ ವರ್ಷದ ಡಿಸೆಂಬರಿನಲ್ಲಿ 320 ರಣಹದ್ದುಗಳೂ ಸಿಕ್ಕವು. ಎಣಿಸುವ ಜಾಗಗಳೂ ಹೆಚ್ಚಾಗಿದ್ದರಿಂದ ಅಷ್ಟೂ ಹೊಸದಾಗಿ ಹುಟ್ಟಿದವೆಂದು ತಿಳಿಯಬಾರದು. ಆದರೂ ಕಡಿಮೆಯಾಗಿಲ್ಲವಲ್ಲ.

ಇಷ್ಟು ದೂರ ಬರಲಾಗದವರಿಗೆ ಹತ್ತಿರದ ಜಾಗಗಳೂ ಇವೆ. ವಯನಾಡಿನವರು ಮುತ್ತಂಗದ ಕಡೆ ಆಕಾಶ ನೋಡಲಿ. ಕೇರಳದಲ್ಲಿ ರಣಹದ್ದು ಮರಿ ಮಾಡುವುದು ಆ ಅಭಯಾರಣ್ಯದಲ್ಲಿ ಮಾತ್ರ. ಕಾಸರಗೋಡು, ಮಂಜೇಶ್ವರದವರಿಗೆ ರಣಹದ್ದು ಇಲ್ಲದಿದ್ದರೂ ಕಡಲ ಹದ್ದಿದೆ: ಬಿಳಿ ತಲೆ, ಬಿಳಿ ಹೊಟ್ಟೆ, ಬೂದು ಬೆನ್ನು, ಬೆಣೆಯಂಥ ಗಿಡ್ಡ ಬಾಲ. ತೀರದ ಎತ್ತರದ ಮರಗಳಲ್ಲಿ ವರ್ಷವರ್ಷವೂ ಅದೇ ಗೂಡಿಗೆ ಬರುತ್ತದೆ, ಆ ಮರ ಉಳಿಸಿದರೆ ಹಕ್ಕಿ ಉಳಿಯುತ್ತದೆ. ಸೊಲ್ಲಾಪುರದವರಿಗೆ ನಾನ್ನಜ್ ಹುಲ್ಲುಗಾವಲು ಇದೆ. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ ಹ್ಯಾರಿಯರ್ ಹಕ್ಕಿಗಳು ಹುಲ್ಲಿನ ಮೇಲೆ ಮೊಳದೆತ್ತರದಲ್ಲಿ ತೂಗುತ್ತಾ ಹಾರುವುದನ್ನು ಸಂಜೆಯ ಹೊತ್ತು ನೋಡಬೇಕು. ಬೆಂಗಳೂರಿಗೆ ಹೋಗಿಬರುವ ಹೊಸೂರಿನವರು ರಾಮನಗರದ ರಾಮದೇವರಬೆಟ್ಟಕ್ಕೆ ಹೋಗಬಹುದು. 2012ರಲ್ಲಿ ಅದು ರಣಹದ್ದುಗಳಿಗೆಂದೇ ಮೀಸಲಾದ ಅಭಯಾರಣ್ಯವಾಯಿತು, ಉದ್ದ ಕೊಕ್ಕಿನ ರಣಹದ್ದುಗಳು ಅಲ್ಲಿ ಬೆರಳೆಣಿಕೆಯಷ್ಟು ಮಾತ್ರ.

ಮೋಯಾರಿಗೆ ಹೊರಡುವವರು ದುರ್ಬೀನು, ನೀರು, ಟೋಪಿ ತೆಗೆದುಕೊಳ್ಳಿ. 2024ರ ಮೇ ತಿಂಗಳಲ್ಲಿ ನೀಲಗಿರಿಗೆ ಹೊರಗಿನ ವಾಹನಗಳಿಗೆ ಇ-ಪಾಸ್ ಪದ್ಧತಿ ಬಂದಿದೆ, ಹೊರಡುವ ಮುಂಚೆ ವಿಚಾರಿಸಿಕೊಳ್ಳಿ. ಗೂಡಿರುವ ಮರ ಗೊತ್ತಾದರೂ ಹತ್ತಿರ ಹೋಗಬೇಡಿ, ಆ ಜಾಗ ಇಂಥದ್ದೇ ಎಂದು ಫೋಟೊ ಹಾಕಿ ಊರಿಗೆಲ್ಲ ಸಾರಬೇಡಿ. ಬೆದರಿ ಎದ್ದ ತಾಯಿಹಕ್ಕಿ ಗೂಡಿಗೆ ತಡವಾಗಿ ಬಂದರೆ ಆ ವರ್ಷದ ಒಂದೇ ಮೊಟ್ಟೆಯೂ ಹಾಳು. ನಾವು ಸಂಜೆ ಐದಕ್ಕೆ ಮಸಿನಗುಡಿ ಬಿಟ್ಟು, ಗೇಟು ಮುಚ್ಚುವುದಕ್ಕೆ ಬಹಳ ಮುಂಚೆಯೇ ಗುಂಡ್ಲುಪೇಟೆ ಸೇರಿದೆವು. ಹೊರಡುವಾಗ ಚಹಾ ಅಂಗಡಿಯ ಅಮ್ಮ ಮೆಲಾಕ್ಸಿಕ್ಯಾಮ್ ಎಂಬ ಹೆಸರನ್ನು ನಮ್ಮ ಹುಡುಗಿಯೊಬ್ಬಳ ಕೈಯಲ್ಲಿ ಕನ್ನಡದಲ್ಲೂ ತಮಿಳಿನಲ್ಲೂ ದೊಡ್ಡಕ್ಷರದಲ್ಲಿ ಬರೆಸಿ, ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿಕೊಂಡರು.